ಮರದ ಹಲಗೆಯಲ್ಲಿ ಹರಿಯುವ ನದಿ

ದೇವಿಕೊಪ್ಪದ ಕಾಡುಸೀಮೆಯ ವಿದ್ಯಾರ್ಥಿಗಳಿಗೆ ಬೇಡ್ತಿ ನದಿ ಹೊಸದಲ್ಲ. ನೀರು ತಿಳಿಯಾದ ದಿನ ದಂಡೆಯಲ್ಲಿ ನಿಂತು ನೋಡಿದರೆ ಒಂದೆಡೆ ಬಣ್ಣವು ಗಾಢ, ಇನ್ನೊಂದೆಡೆ ತೆಳು. ಗಾಢವೆಲ್ಲಿ ಮುಗಿದು ತೆಳುವೆಲ್ಲಿ ಮೊದಲಾಯಿತೆಂದು ಹೇಳಲಾಗದು. ಕುಂಚ ಹಿಡಿದವನು ಇದನ್ನು ತೋರಿಸಬಲ್ಲನು. ಆದರೆ ಮರದ ಅಚ್ಚಿನ ಗುಣವೇ ಬಣ್ಣವನ್ನು ಎಲ್ಲೆಡೆ ಸಮನಾಗಿ ಒತ್ತುವುದು. ಹೀಗಿರುವಾಗ ಜಪಾನಿನ ಅಚ್ಚುಚಿತ್ರಗಳಲ್ಲಿ ನದಿಯು ಅಷ್ಟು ಸಹಜವಾಗಿ ಕಾಣುವುದು ಹೇಗೆ? ಇದನ್ನು ವಿಚಾರಿಸೋಣ.

ಹಿರೋಶಿಗೆ (1797–1858) ಎಂಬ ಕಲಾವಿದನು 1857ರಲ್ಲಿ ರಚಿಸಿದ ಚಿತ್ರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳುವೆವು. ಎದೊ ನಗರದ, ಎಂದರೆ ಇಂದಿನ ಟೋಕಿಯೋದ, ಸುಮಿದಾ ನದಿಯ ಸೇತುವೆಯ ಮೇಲೆ ಫಕ್ಕನೆ ಮಳೆ ಸುರಿದಿದೆ. ಜನರು ಛತ್ರಿಗಳ ಮರೆಯಲ್ಲಿ ಬಾಗಿ ನಡೆದಿದ್ದಾರೆ. ಕೆಳಗೆ ಒಬ್ಬನು ತೆಪ್ಪ ನಡೆಸುತ್ತಿದ್ದಾನೆ. ವಿನ್ಸೆಂಟ್ ವಾನ್ ಗೋ 1887ರಲ್ಲಿ ಈ ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡಿದನು.

ಇಂಥ ಚಿತ್ರವು ಒಬ್ಬನ ಕೃತಿಯಲ್ಲ. ಕಲಾವಿದನು ತೆಳುಕಾಗದದ ಮೇಲೆ ರೇಖಾಚಿತ್ರವನ್ನು ಬರೆದುಕೊಡುವನು. ಕೆತ್ತನೆಗಾರನು ಅದನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುವನು. ಮೂಲಚಿತ್ರವು ಅಲ್ಲಿಗೆ ನಾಶವಾಯಿತು! ಮಳೆಯ ಒಂದೊಂದು ಎಳೆಯೂ ಹೀಗೆ ಉಳಿಸಿದ ಮರದ ಏಣೇ ಆಗಿದೆ. ಬಣ್ಣಬಣ್ಣಕ್ಕೂ ಬೇರೆ ಹಲಗೆ ಬೇಕು. ಕಾಗದವು ಪ್ರತಿಸಲವೂ ಅದೇ ಸ್ಥಾನದಲ್ಲಿ ಕೂರಲೆಂದು ಹಲಗೆಗಳ ಅಂಚಿನಲ್ಲಿ ಎರಡು ಗುರುತುಗಳನ್ನು ಕೆತ್ತಿರುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮುದ್ರಕನು ನದಿಯ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಒಂದು ಅಂಚಿಗೆ ಮಾತ್ರ ಬಣ್ಣವನ್ನೂ ಅಕ್ಕಿಯ ಅಂಟನ್ನೂ ಹಚ್ಚಿ, ಕುಂಚದಿಂದ ಎಳೆಯುವನು. ಬಣ್ಣವು ತೇವದಲ್ಲಿ ಹರಡುತ್ತ ಕ್ರಮೇಣ ತೆಳುವಾಗುವುದು. ಮೇಲೆ ಕಾಗದವನ್ನಿಟ್ಟು, ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆಯಿಂದ ಕೈಯಾರೆ ತಿಕ್ಕಿದರೆ ಆ ಇಳಿಕೆಯೇ ಕಾಗದಕ್ಕೆ ಇಳಿಯುವುದು. ಜಪಾನೀಯರು ಇದನ್ನು ‘ಬೊಕಾಶಿ’ ಎನ್ನುತ್ತಾರೆ. ಹಲಗೆಯಲ್ಲಿ ಇದರ ಕುರುಹೇ ಇಲ್ಲ. ಪ್ರತಿಯೊಂದು ಹಾಳೆಗೂ ಮುದ್ರಕನು ಹೊಸದಾಗಿ ನದಿಯನ್ನು ಹರಿಸಬೇಕು. ಆದುದರಿಂದ ಒಂದೇ ಚಿತ್ರದ ಎರಡು ಪ್ರತಿಗಳು ಸರ್ವಥಾ ಒಂದೇ ಆಗಿರವು.

ಇದಕ್ಕೆ ರಸಾಯನಶಾಸ್ತ್ರವೂ ನೆರವಾಯಿತು. ಹಿಂದೆ ಬಳಸುತ್ತಿದ್ದ, ಹೂವಿನಿಂದ ತೆಗೆದ ನೀಲಿಯು ಬೆಳಕಿಗೆ ಬೇಗ ಮಾಸುತ್ತಿತ್ತು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನಲ್ಲಿ ಸಿದ್ಧವಾದ ಪ್ರಷ್ಯನ್ ನೀಲಿಯು ಕಬ್ಬಿಣದ ಒಂದು ಸಂಯುಕ್ತ. ಅದರ ಕಣಗಳು ಬಹು ಸೂಕ್ಷ್ಮ, ಬಣ್ಣ ಗಟ್ಟಿ. 1830ರ ಸುಮಾರಿಗೆ ಜಪಾನಿನ ಮುದ್ರಕರು ಇದನ್ನು ಧಾರಾಳವಾಗಿ ಬಳಸತೊಡಗಿದರು. ಹೊಕುಸಾಯಿಯ ಫ್ಯೂಜಿ ಪರ್ವತದ ಚಿತ್ರಮಾಲೆಯಲ್ಲಿ ಈ ನೀಲಿಯ ವೈಭವವನ್ನು ಕಾಣಬಹುದು.

ಚಿತ್ರದ ಮೇಲೆ ಕಲಾವಿದನ ಹೆಸರಿರುವುದು; ನೀರನ್ನು ಹರಿಸಿದ ಮುದ್ರಕನ ಹೆಸರು ಬಹುತೇಕ ಚಿತ್ರಗಳಲ್ಲಿ ಇಲ್ಲ. ನುಣುಪಾದ ಹಲಗೆ, ಒದ್ದೆ ಬಟ್ಟೆ, ತುಸು ಬಣ್ಣ ಇವಿಷ್ಟಿದ್ದರೆ ವಿದ್ಯಾರ್ಥಿಗಳು ತಾವೇ ಈ ಪ್ರಯೋಗವನ್ನು ಮಾಡಿ ನೋಡಲಿ. ನಾಲ್ಕಾರು ಹಾಳೆ ಕೆಟ್ಟ ಮೇಲೆ, ಆ ಅನಾಮಧೇಯನ ಕೈಚಳಕ ಎಷ್ಟೆಂಬುದು ಮನಸ್ಸಿಗೆ ನಾಟದಿರದು.