ಬ್ಯಾಟರಿಯೂ ಅದರ ಹುಟ್ಟುಸಾಲವೂ

ವಿದ್ಯುತ್ತಿನಿಂದ ಓಡುವ ಮೋಟಾರು ಬಂಡಿಯು ಹೊಗೆಯುಗುಳದೆ ಹೋಗುವದನ್ನು ನೋಡಿ, ಇದರಿಂದ ಗಾಳಿಗೆ ಯಾವ ಕೇಡೂ ಇಲ್ಲವೆಂದು ನಾವು ಎಣಿಸುವದುಂಟು. ಆದರೆ ಅದರ ಬ್ಯಾಟರಿಯು ಹುಟ್ಟುವಾಗಲೇ ಒಂದು ಸಾಲವನ್ನು ಹೊತ್ತು ಬರುತ್ತದೆ. ಆ ಸಾಲವೆಷ್ಟು, ಅದನ್ನು ಇಳಿಸುವ ಬಗೆ ಯಾವದು ಎಂಬದನ್ನು ವಿಚಾರಿಸೋಣ.

ಇಂದು ಫೋನುಗಳಲ್ಲಿಯೂ ಬಂಡಿಗಳಲ್ಲಿಯೂ ಹೆಚ್ಚಾಗಿ ಇರುವದು, 1991ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ. 2019ರಲ್ಲಿ ಸ್ವೀಡನಿನ ಪರಿಸರ ಸಂಶೋಧಕರು ಮಾಡಿದ ಲೆಕ್ಕದ ಪ್ರಕಾರ, ಒಂದು ಯೂನಿಟ್ ವಿದ್ಯುತ್ತನ್ನು ಹಿಡಿಯುವ ಬ್ಯಾಟರಿಯ ತಯಾರಿಕೆಯಲ್ಲಿ 61ರಿಂದ 106 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲಗಳು ಹೊರಡುತ್ತವೆ. ಹಾಗಾದರೆ 60 ಯೂನಿಟ್ ಹಿಡಿಯುವ ಬಂಡಿಯ ಬ್ಯಾಟರಿಗೆ 3,660ರಿಂದ 6,360 ಕಿಲೋಗ್ರಾಂ ಆಯಿತು.

ಇದಕ್ಕೆ ಕಾರಣವೇನಂದರೆ, ಮೊದಲಿನಿಂದ ಕಡೆಯ ವರೆಗೆ ಇದು ಬೆಂಕಿಯ ಕೆಲಸ. ಆಸ್ಟ್ರೇಲಿಯದ ಕಲ್ಲಿನಿಂದ ಲಿಥಿಯಮನ್ನು ತೆಗೆಯಲು ಅದನ್ನು ಸುಮಾರು 1,050 ಡಿಗ್ರಿ ಕಾವಿನಲ್ಲಿ ಸುಡಬೇಕು. ಕೃತಕ ಗ್ರಾಫೈಟಿಗೆ ಬೇಕಾದ ಕಾವು ಸುಮಾರು 3,000 ಡಿಗ್ರಿ. ಕಾರ್ಖಾನೆಯಲ್ಲಿ ತಾಮ್ರದ ಮತ್ತು ಅಲ್ಯೂಮಿನಿಯಮಿನ ತೆಳು ಹಾಳೆಗಳ ಮೇಲೆ ಹಿಟ್ಟಿನಂಥ ಲೇಪವನ್ನು ಸಂಡಿಗೆಯಂತೆ ಹರಡಿ, ಉದ್ದವಾದ ಒಲೆಗಳಲ್ಲಿ ಒಣಗಿಸುತ್ತಾರೆ. ತೇವವು ತಗಲಿದರೆ ಕೆಲಸವು ಕೆಡುವದರಿಂದ ಕೋಣೆಯ ಗಾಳಿಯನ್ನೂ ಯಂತ್ರಗಳಿಂದ ಒಣಗಿಸಬೇಕು.

ಪರಿಹಾರಗಳು ನಾಲ್ಕು. ಒಂದನೆಯದು, ಕಾರ್ಖಾನೆಗೆ ಕಲ್ಲಿದ್ದಲಿನ ಬದಲು ನೀರು, ಗಾಳಿ, ಬಿಸಿಲುಗಳ ವಿದ್ಯುತ್ತನ್ನು ಕೊಡುವದು. ಎರಡನೆಯದು, ಲೇಪವನ್ನು ದ್ರಾವಕವಿಲ್ಲದೆ ಒಣಪುಡಿಯಾಗಿಯೇ ಒತ್ತುವದು; ಆಗ ಒಣಗಿಸುವ ಒಲೆಯೇ ಬೇಡ. ಮೂರನೆಯದು, 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬವರು ಪ್ರಕಟಿಸಿದ ಕಬ್ಬಿಣದ ಫಾಸ್ಫೇಟಿನ ಮಾರ್ಗ. ಇದರಲ್ಲಿ ನಿಕ್ಕೆಲ್, ಕೋಬಾಲ್ಟ್‌ಗಳ ಅಗತ್ಯವಿಲ್ಲ. ನಾಲ್ಕನೆಯದು, ಹಳೆಯ ಬ್ಯಾಟರಿಯ ಲೋಹಗಳನ್ನು ತಿರುಗಿ ಬಳಸುವದು. ಯುರೋಪಿನ ಒಕ್ಕೂಟದ 2023ರ ಕಾನೂನು, 2031ರಿಂದ ಹೊಸ ಬಂಡಿಗಳ ಬ್ಯಾಟರಿಗಳ ಕೋಬಾಲ್ಟಿನಲ್ಲಿ ಶೇಕಡಾ 16, ಲಿಥಿಯಂ, ನಿಕ್ಕೆಲ್‌ಗಳಲ್ಲಿ ಶೇಕಡಾ 6 ಹೀಗೆ ಮರಳಿ ಪಡೆದದ್ದಾಗಿರಬೇಕೆಂದು ವಿಧಿಸಿದೆ. ನಮ್ಮ ದೇಶದ 2022ರ ನಿಯಮಗಳು ಹಳೆಯ ಬ್ಯಾಟರಿಗಳನ್ನು ಕೂಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಇವೆಲ್ಲಾ ದೊಡ್ಡವರ ಕೆಲಸವೆಂದು ನಾವು ಸುಮ್ಮನಿರಬಾರದು. ಎರಡು ವರುಷಕ್ಕೆ ಬದಲಿಸುವ ಫೋನನ್ನು ನಾಲ್ಕು ವರುಷ ಬಳಸಿದರೆ, ವರುಷಕ್ಕೆ ಬೀಳುವ ಸಾಲವು ಅರ್ಧವಾಗುವದು. ಕೆಟ್ಟ ಬ್ಯಾಟರಿಯನ್ನು ಕಸಕ್ಕೆ ಎಸೆದರೆ ಬೆಂಕಿ ಹತ್ತೀತು. ಪೆಟ್ಟಿಗೆಯಲ್ಲಿ ಬಚ್ಚಿಟ್ಟರೆ ಅದರ ಲೋಹವು ಯಾರಿಗೂ ದಕ್ಕದು. ಅದನ್ನು ಕೂಡಿಸುವ ಕೇಂದ್ರಕ್ಕೆ ಮುಟ್ಟಿಸೋಣ. ಸಾಲವನ್ನು ಅರಿತವನೇ ಅದನ್ನು ತೀರಿಸಲು ತೊಡಗುವನಷ್ಟೆ.