ಕಾಡಂಚಿನ ಗುಡಿ, ಕಲ್ಲಿನ ಮೇಲಿನ ಹೆಸರು

ಅಕ್ಕಂದಿರೇ, ಇವತ್ತು ನಾವು ಒಂದು ಗುಡಿಯ ಕಥೆ ಓದೋಣ. ಕಥೆ ಅಂದರೆ ಕಟ್ಟಿದ ಕಥೆ ಅಲ್ಲ, ನಡೆದದ್ದು.

ನಮ್ಮ ಉಗಾರ ಖುರ್ದದಲ್ಲಿ ರೈಲು ಹತ್ತಿದರೆ ರಾಯಬಾಗ, ಘಟಪ್ರಭಾ ದಾಟಿ ಬೆಳಗಾವಿ. ಅಲ್ಲಿಂದ ಧಾರವಾಡದ ಹಾದಿ ಹಿಡಿದರೆ ಕಿತ್ತೂರು. 1824ರಲ್ಲಿ ರಾಣಿ ಚೆನ್ನಮ್ಮ ಇಂಗ್ಲಿಷರ ಕೂಡ ಕಾದಾಡಿದ ಊರು ಅದು. ಅದರ ಹತ್ತಿರ ದೇಗಾಂವ ಎಂಬ ಹಳ್ಳಿ ಇದೆ. ನಮ್ಮಲ್ಲಿ ಹೊಳೆ, ಎರೆಮಣ್ಣು, ಕಬ್ಬು. ಅಲ್ಲಿ ಮಲೆನಾಡಿನ ಸೆರಗು, ಗಿಡಮರ ಹೆಚ್ಚು. ಆ ಹಳ್ಳಿಯಲ್ಲೇ ಕಮಲನಾರಾಯಣ ಗುಡಿ ಇರುವುದು.

ಗುಡಿ ಭಾಳ ದೊಡ್ಡದಲ್ಲ. ಒಳಗೆ ಸಾಲಾಗಿ ಮೂರು ಗರ್ಭಗುಡಿ, ಮುಂದೆ ಕಂಬಗಳ ಪಡಸಾಲೆ. ಒಂದು ಗರ್ಭಗುಡಿಯಲ್ಲಿ ನಾರಾಯಣನ ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಾಳೆ.

ಈ ಗುಡಿ ಕಟ್ಟಿಸಿದವರು ಯಾರು? ರಾಜ ಅಂತೀರಿ. ಅಲ್ಲ. ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು, ಕಮಲಾದೇವಿ. ಗೋವೆಯ ಕದಂಬರ ರಾಜ ಶಿವಚಿತ್ತ ಪೆರ್ಮಾಡಿಯ ರಾಣಿ. ಆಗ ಗೋವೆ, ಹಲಸಿ, ಈ ಸೀಮೆ ಎಲ್ಲ ಅವರ ಕೈಯಲ್ಲಿತ್ತು.

ಇದು ಗೊತ್ತಾದದ್ದು ಹೇಗೆ? ಕಲ್ಲಿನ ಮೇಲೆ ಬರೆದಿದೆ. ಅಲ್ಲಿಯ ಶಾಸನದಲ್ಲಿ ಕಲಿಯುಗದ 4275ನೆಯ ವರ್ಷ ಎಂದಿದೆ. ನಮ್ಮ ಲೆಕ್ಕಕ್ಕೆ ಇಸವಿ 1174. ಎಂಟುನೂರೈವತ್ತು ವರ್ಷ ಆಯಿತು! ಒಂದೇ ವಿಷಯವನ್ನು ಎರಡು ಸಲ ಕೊರೆಸಿದ್ದಾರೆ. ಒಂದು ನಾಗರಿ ಅಕ್ಷರದಲ್ಲಿ, ಇನ್ನೊಂದು ಕನ್ನಡ ಅಕ್ಷರದಲ್ಲಿ. ಒಂದು ಲಿಪಿ ಬಾರದವರು ಇನ್ನೊಂದನ್ನು ಓದಲಿ ಅಂತ ಇರಬೇಕು, ನಮಗೆ ಹಾಗೆ ಅನ್ನಿಸುತ್ತದೆ.

ಗುಡಿ ಕಟ್ಟಿದ ಶಿಲ್ಪಿಯ ಹೆಸರೂ ಉಳಿದಿದೆ. ಬಂಕಾಪುರದ ತಿಪ್ಪೋಜ. ಉಳಿ ಹಿಡಿದು ದುಡಿದವನ ಹೆಸರು ರಾಣಿಯ ಹೆಸರಿನ ಜೋಡಿ ಉಳಿಯುವುದು ಸಣ್ಣ ಮಾತಲ್ಲ.

ನಮ್ಮ ಸಂಜೆಯ ತರಗತಿಯಲ್ಲಿ ಇದನ್ನು ಓದಿದಾಗ ಒಬ್ಬ ಅಕ್ಕ ಕೇಳಿದಳು, "ಕಲ್ಲು ಹೊತ್ತ ಹೆಣಮಕ್ಕಳ ಹೆಸರು ಎಲ್ಲೈತಿ?" ಎಲ್ಲರೂ ಸುಮ್ಮನಾದೆವು. ಅವರ ಹೆಸರು ಎಲ್ಲೂ ಇಲ್ಲ. ಬರೆಯಲು ಅವರಿಗೆ ಬರುತ್ತಿರಲಿಲ್ಲ, ಬರೆಸಲು ರೊಕ್ಕವಿರಲಿಲ್ಲ. ಅವತ್ತು ಆ ಅಕ್ಕ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ತಡವಾದರೂ ನಾಲ್ಕು ಅಕ್ಷರದ ತನ್ನ ಹೆಸರನ್ನು ತಾನೇ ಬರೆದಳು. ಎರಡನೆಯ ಅಕ್ಷರದ ಒತ್ತು ಬಿಟ್ಟಿತ್ತು, ಮರುದಿನ ತಿದ್ದಿದಳು.

ನಿಮ್ಮ ಊರಲ್ಲೂ ಅಕ್ಷರ ಇರುವ ಕಲ್ಲು ಇರಬಹುದು. ಗುಡಿಯ ಹಿಂದೆ, ಹೊಲದ ಬದುವಿನಲ್ಲಿ. ಅದರ ಮೇಲೆ ಅರಿವೆ ಒಗೆಯಬೇಡಿರಿ. ಸುಣ್ಣ, ಎಣ್ಣೆ ಬಳಿಯಬೇಡಿರಿ. ಅಕ್ಷರದ ಸಂದಿ ಮುಚ್ಚಿಹೋಗುತ್ತದೆ. ಹಳೆಗಾಲದ ಅಕ್ಷರ ನಮಗೆ ಓದಲು ಬಾರದಿದ್ದರೂ ಬಲ್ಲವರು ಬಂದು ಓದುತ್ತಾರೆ.

ಈ ಪದಗಳನ್ನು ಓದಿರಿ, ಬರೆಯಿರಿ: ಗುಡಿ, ಕಲ್ಲು, ರಾಣಿ, ಕಮಲ, ಶಾಸನ, ತಿಪ್ಪೋಜ. ಕೆಳಗಿನ ಗೆರೆಯ ಮೇಲೆ ನಿಮ್ಮ ಹೆಸರು, ನಿಮ್ಮ ತಾಯಿಯ ಹೆಸರು ಬರೆಯಿರಿ.