ಬೇವಿನ ಬಾಬತ್ತು

ಶಹಾಪುರದ ನಮ್ಮ ಹಳೆಯ ಮನೆಯ ಖರ್ಚಿನ ವಹಿಯಲ್ಲಿ ‘ಸಂಡಾಸದ ಪೈಪು, 1,200’ ಎಂಬ ಸಾಲು ಮೂರು ವರ್ಷದಲ್ಲಿ ಏಳು ಸಲ ಬಂದಿದೆ. ನಾನಿರುವುದು ಯಾದಗಿರಿಯಲ್ಲಿ. ಬಾಡಿಗೆಯವರು ಫೋನ್ ಮಾಡುವರು, ನಾನು ದುಡ್ಡು ಕಳಿಸುವೆ, ಯಾರೋ ಬಂದು ಸರಳು ತೂರಿಸಿ ನೀರು ಹರಿಸಿ ಹೋಗುವರು. ಕಳೆದ ಯುಗಾದಿಗೆ ಕೂಡಿಸಿ ನೋಡಿದೆ: 8,400 ರೂಪಾಯಿ! ಪೈಪು ಮಾತ್ರ ಇದ್ದಲ್ಲೇ ಇತ್ತು.

ಅಗೆಸಿದಾಗ ಸಿಕ್ಕಿದ್ದು ಹೆಣ್ಣಿನ ಜಡೆಯಷ್ಟು ದಪ್ಪನೆಯ ಬೇರಿನ ಸಿಂಬೆ. ಹಿತ್ತಲಲ್ಲಿ ಅಪ್ಪ ಹಚ್ಚಿದ ಬೇವಿನದು. ನಾನು ಗಿಡವನ್ನು ಬೈಯತೊಡಗಿದರೆ ಗೌಂಡಿ ನಕ್ಕ. “ಗಿಡದ ಏನ್ ತಪ್ಪ ಅದರೀ ಸರ್? ಪೈಪ್ ಸೋರ್ಲಿಕತ್ತಿತ್ತು, ಬೇರು ಕುಡಿಲಿಕ್ಕ ಬಂದಾವ.” ನಮ್ಮದು ಎರಿ ಮಣ್ಣು, ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗಿ ಬಿರಿಯುತ್ತದೆ. ಹಳೆಯ ಚೀನಿಮಣ್ಣಿನ ಪೈಪಿನ ಸಿಮೆಂಟ್ ಜೋಡಣೆ ಆ ಎಳೆದಾಟಕ್ಕೆ ಬಾಯಿ ಬಿಟ್ಟಿತ್ತು. ಕೂದಲೆಳೆಯಂಥ ಬೇರು ಅಲ್ಲಿಂದ ನುಸುಳಿ, ಒಳಗಿನ ನೀರು ಗೊಬ್ಬರ ಎರಡನ್ನೂ ಉಂಡು ಹಬ್ಬಿದೆ. ಸರಳು ತೂರಿಸಿದಾಗಲೆಲ್ಲ ನಾವು ಅದರ ತುದಿ ಚಿವುಟುತ್ತಿದ್ದೆವು, ಅಷ್ಟೇ.

ಸಲಹೆಗಳಿಗೆ ಬರವಿರಲಿಲ್ಲ. ಸುರಪುರದ ಭಾವ ಹತ್ತಿ ಬೆಳೆಯುವವರು, ಮೈಲುತುತ್ತ ಸುರಿ ಎಂದರು. ಬೇರು ಸುಡುತ್ತದೆ ನಿಜ. ಆದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಗಿಡ ಕಡಿಸು ಎಂದರು ನೆರೆಯವರು. ಅದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಅದಕ್ಕಿಂತ ದೊಡ್ಡ ಮಾತು, 40 ಡಿಗ್ರಿ ದಾಟುವ ಊರಲ್ಲಿ ಆ ನೆರಳಿಗೆ ಬೆಲೆ ಕಟ್ಟುವವರು ಯಾರು?

ಎಲ್ಲಕ್ಕಿಂತ ಅಗ್ಗದ ದಾರಿಯೊಂದಿತ್ತು. ಒಬ್ಬ ಬಂದು, 500 ಕೊಟ್ಟರೆ ಟ್ಯಾಂಕಿಗೆ ತಾನೇ ಇಳಿಯುತ್ತೇನೆಂದ. ಬೇಡವೆಂದೆ. 2013ರ ಕಾಯ್ದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕಾಯ್ದೆ ಗೊತ್ತಿರದಿದ್ದರೆ ನಾನೂ ‘ಹೂಂ’ ಅಂದುಬಿಡುತ್ತಿದ್ದೆನೇನೋ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಟ್ಯಾಂಕಿಗೆ ಸಕಿಂಗ್ ಮಷೀನ್ ತರಿಸಿದೆ.

ಕೊನೆಗೆ ಮಾಡಿದ್ದು ಇಷ್ಟು: ಬೇವನ್ನು ಬಳಸಿ ಆಚೆ ಗೋಡೆಯ ಕಡೆಯಿಂದ 30 ಅಡಿ ನಾಲ್ಕಿಂಚಿನ ಪಿವಿಸಿ ಪೈಪು, ಸುತ್ತ ಉಸುಕಿನ ಹಾಸಿಗೆ, ಹತ್ತು ಅಡಿಗೆ ಮೂರಿಂಚು ಇಳಿಜಾರು, ಎರಡು ಚೇಂಬರು. ಮಷೀನೂ ಸೇರಿ 16,500 ರೂಪಾಯಿ. ಪೈಪನ್ನೇ ಬದಲಿಸಬೇಕೆಂದು ಮೊದಲ ಸಲ ಕಟ್ಟಿಕೊಂಡಾಗಲೇ ಗೌಂಡಿ ಹೇಳಿದ್ದ. ‘ಅಷ್ಟೊಂದೇ?’ ಎಂದು ನಾನೇ ಹಿಂದೆ ಸರಿದಿದ್ದೆ.

ಅಷ್ಟು ಹಣ ಇರಲಿಲ್ಲವೇ? ಇತ್ತು. ನಗರಸಭೆಯ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟಕ್ಕೆ ಆದಾಯ ತೆರಿಗೆಯಿಲ್ಲ. ರಿಪೇರಿಗೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸರಿ. ಪ್ರತಿ ವರ್ಷ ಆ ವಿನಾಯಿತಿ ಪಡೆದು, ಮನೆಯ ಪಾಲನ್ನು ಉಳಿತಾಯವೆಂದು ಜೇಬಿಗಿಳಿಸುತ್ತಿದ್ದೆ. ಈಗ ತಿಂಗಳಿಗೆ 500 ರೂಪಾಯಿ ಬೇರೆ ಇಡುತ್ತೇನೆ. ವಹಿಯಲ್ಲಿ ಅದರ ಹೆಸರು ‘ಬೇವು’.

ಯುಗಾದಿ ಮುಂದೆ ಬೇವಿನ ಹೂವಿನ ನೆಪ ಮಾಡಿಕೊಂಡು ಶಹಾಪುರಕ್ಕೆ ಹೋಗಿ ಚೇಂಬರಿನ ಮುಚ್ಚಳ ಎತ್ತಿ ನೋಡಿ ಬರುತ್ತೇನೆ. ಆ ಬಸ್ ಚಾರ್ಜು ಯಾವ ಬಾಬತ್ತಿಗೆ ಸೇರಬೇಕೆಂಬುದು ಮಾತ್ರ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ.